ನಿಮಗೆ ಹಿಡಿಸುವ ಬೆವರು ಯಾವುದು?

ನಮ್ಮ ಎಷ್ಟೋ ಮನೆಗಳಲ್ಲಿ ಈಗ ಟ್ರೆಡ್‌ಮಿಲ್ ಉಂಟು. ಮಗ ಸೌದಿಯಿಂದ ಕಳಿಸಿದ ದುಡ್ಡಲ್ಲಿ ತಂದದ್ದು, ಇಲ್ಲದಿದ್ದರೆ ಅಳಿಯ ಪ್ರೀತಿಯಿಂದ ತಂದು ಇಟ್ಟದ್ದು. ಮಳೆಗಾಲದಲ್ಲಿ ಅದರ ಮೇಲೆ ಬುರ್ಖಾ, ಮಕ್ಕಳ ಯೂನಿಫಾರ್ಮ್ ಒಣಗ್ತಾ ಇರ್ತದೆ. ಬೇಸಿಗೆಯಲ್ಲಿ ಹಪ್ಪಳದ ಡಬ್ಬ ಇಡಲಿಕ್ಕೆ ಅದೊಂದು ಒಳ್ಳೆಯ ಜಾಗ. ಅದರ ಮೇಲೆ ಮನುಷ್ಯರು ನಡೆದದ್ದು ಮೊದಲ ಹದಿನೈದು ದಿನ ಮಾತ್ರ.

ಮನೆಯವರನ್ನು ಕೇಳಿದರೆ "ಉಪ್ಪನಿಗೆ ಉದಾಸೀನ" ಅಂತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅದೇ ಉಪ್ಪ ಮದುವೆ ಮನೆಯಲ್ಲಿ ಸುಬಹಿಯಿಂದ ಇಶಾದವರೆಗೆ ಬಿರಿಯಾನಿ ಡೇಗ್ಚಿ ಎತ್ತಿ ಇಳಿಸ್ತಾರೆ. ವಾಲಿಬಾಲ್ ಟೂರ್ನಮೆಂಟ್ ಅಂದ್ರೆ ರಾತ್ರಿ 1 ಗಂಟೆವರೆಗೆ ನಿಂತೇ ನೋಡ್ತಾರೆ. ಉದಾಸೀನದವರು ಹೀಗೆ ಮಾಡುತ್ತಾರಾ? ಗೋಡೆ ನೋಡ್ತಾ ಒಬ್ಬರೇ ಅರ್ಧ ಗಂಟೆ ನಡೆಯುವುದು ಅವರಿಗೆ ಬೋರ್ ಆಗಿದೆ, ಅಷ್ಟೆ. ಬೋರ್ ಆದದ್ದನ್ನು ಯಾರೂ ವರ್ಷಗಟ್ಟಲೆ ಮಾಡುವುದಿಲ್ಲ. ಕಹಿ ಕಷಾಯವನ್ನು ಮೂಗು ಹಿಡಿದು ಹತ್ತು ದಿನ ಕುಡಿಯಬಹುದು. ಆದರೆ ವ್ಯಾಯಾಮಕ್ಕೆ ಹತ್ತು ದಿನದ ಕೋರ್ಸ್ ಅಂತ ಇಲ್ಲ. ಜೀವ ಇರುವವರೆಗೆ ಉಂಟು ಅದು. ಹಾಗಿರುವಾಗ ಮನಸ್ಸಿಗೆ ಹಿಡಿಸುವಂಥದ್ದನ್ನು ಹುಡುಕದೆ ಬೇರೆ ದಾರಿ ಇಲ್ಲ.

ಈ ವಿಷಯದಲ್ಲಿ ಉಸ್ತಾದನಿಗೇನು ಕೆಲಸ ಎಂದು ಕೇಳಬಹುದು. ಮದ್ರಸಕ್ಕೆ ಮಕ್ಕಳನ್ನು ಬಿಡಲು ಬರುವ ಅಜ್ಜಂದಿರು, ಅಜ್ಜಿಯಂದಿರು ನನ್ನ ಹತ್ತಿರ ಮಾತಾಡುವುದೇ ಕಾಯಿಲೆಯ ಬಗ್ಗೆ. ನೀರು ಊದಿ ಕೊಡಿ ಅಂತ ಬಾಟಲಿ ಹಿಡಿದುಕೊಂಡು ಬರುವವರು ಇನ್ನೊಂದು ಕೈಯಲ್ಲಿ ಬ್ಲಡ್ ರಿಪೋರ್ಟ್ ಕೂಡ ತಂದಿರ್ತಾರೆ. ಡಾಕ್ಟರ್ ಬರೆದ ಚೀಟಿಯ ಕೊನೆಯ ಸಾಲು ಎಲ್ಲರದ್ದೂ ಒಂದೇ: ವಾಕಿಂಗ್ ಮಾಡಿ. "ಮಾಡ್ತಿದ್ದೀರಾ?" ಅಂತ ಕೇಳಿದರೆ ಒಂದು ನಗು. ಆ ನಗುವನ್ನು ನೋಡಿ ನೋಡಿ ಇದನ್ನು ಬರೆಯಬೇಕೆಂದು ಅನಿಸಿತು.

ಲೆಕ್ಕವನ್ನು ಬೇಗ ಹೇಳಿ ಮುಗಿಸ್ತೇನೆ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಉಂಟೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಹೇಳಿತು. ಅದರ ಹೊಸ್ತಿಲಲ್ಲಿ ನಿಂತವರು ಅದಕ್ಕಿಂತಲೂ ಹೆಚ್ಚು, 13 ಕೋಟಿಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಏನೆಂದರೆ, ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು. ಜೋರಿನದ್ದಾದರೆ 75ರಿಂದ 150 ನಿಮಿಷ ಸಾಕು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಹಿಂದೆ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗಲೇಬೇಕೆಂಬ ಮಾತಿತ್ತು, ಈಗ ಅದೂ ಇಲ್ಲ. ಐದು ನಿಮಿಷ ಮಾಡಿದರೂ ಲೆಕ್ಕಕ್ಕೆ ಸೇರ್ತದೆ. ಸಾಧಾರಣ ಶ್ರಮ ಅಂದ್ರೆ ಎಷ್ಟು ಎಂದು ಅಳೆಯಲು ವಾಚು ಬೇಡ, ಮೊಬೈಲೂ ಬೇಡ. ಪಕ್ಕದವರ ಜೊತೆ ಮಾತಾಡ್ಲಿಕ್ಕೆ ಆಗ್ಬೇಕು, ಬೈತ್ ಹಾಡ್ಲಿಕ್ಕೆ ಆಗ್ಬಾರ್ದು. ಅಷ್ಟು ಏದುಸಿರು ಬಂದರೆ ಸರಿ.

ಇಲ್ಲಿ ಎರಡು ಉತ್ತರಗಳು ಯಾವಾಗಲೂ ಬರುತ್ತವೆ. ಗಂಡಸರದ್ದು, "ಐದು ಹೊತ್ತು ನಮಾಝ್ ಮಾಡ್ತೇವಲ್ಲ ಉಸ್ತಾದ್, ಅದಕ್ಕಿಂತ ದೊಡ್ಡ ವ್ಯಾಯಾಮ ಉಂಟಾ?" ಹೆಂಗಸರದ್ದು, "ಬೆಳಗ್ಗಿನಿಂದ ರಾತ್ರಿವರೆಗೆ ಮನೆಯಲ್ಲಿ ಓಡಾಟವೇ, ಇನ್ನು ಬೇರೆ ಯಾಕೆ?"

ನಮಾಝ್ ಇಬಾದತ್. ಅದನ್ನು ಕಸರತ್ತಿನ ಲೆಕ್ಕಕ್ಕೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ರುಕೂಅ್, ಸುಜೂದ್‌ನಲ್ಲಿ ಬೆನ್ನು, ಮೊಣಕಾಲು ಮಡಚಿ ಬಿಚ್ಚುವುದು ನಿಜ. ಆದರೆ ಅದರಲ್ಲಿ ಏದುಸಿರು ಬರುವುದಿಲ್ಲ, ಬರುವ ಹಾಗೆ ಅವಸರದಲ್ಲಿ ಮಾಡಲೂಬಾರದು. ಇನ್ನೊಂದು ಕಡೆಯಿಂದ ನೋಡಿ. ನಮ್ಮ ಪಳ್ಳಿಗಳಲ್ಲಿ ಕುರ್ಚಿ ಹಾಕಿ ನಮಾಝ್ ಮಾಡುವವರ ಸಾಲು ವರ್ಷ ವರ್ಷ ಉದ್ದ ಆಗ್ತಾ ಉಂಟು. ಐವತ್ತು ದಾಟಿದ ಕೂಡಲೇ ಕುರ್ಚಿ. ಮೊಣಕಾಲು ನೋವಿರುವ ಹೆಚ್ಚಿನವರಿಗೆ ತೊಡೆಯ ಸ್ನಾಯು ಗಟ್ಟಿಯಾದರೆ ನೋವು ಕಡಿಮೆಯಾಗ್ತದೆ ಎಂದು ವೈದ್ಯರು ಹೇಳುತ್ತಾರೆ. ಹಾಗಾಗಿ ನಮಾಝೇ ವ್ಯಾಯಾಮ ಎನ್ನುವ ಬದಲು, ಮುಸಲ್ಲಾದ ಮೇಲೆ ಸರಿಯಾಗಿ ಸುಜೂದ್ ಮಾಡ್ಲಿಕ್ಕಾಗಿಯಾದರೂ ವ್ಯಾಯಾಮ ಬೇಕು ಎನ್ನಿ.

ಮನೆಗೆಲಸ ಶ್ರಮವೇ. ಹಿಂದೆ ಬಾವಿಯಿಂದ ನೀರು ಸೇದಿ, ಅರೆಯುವ ಕಲ್ಲಲ್ಲಿ ಪತ್ತಿರ್‌ಗೆ ಹಿಟ್ಟು ಅರೆದು, ಒಲೆಗೆ ಸೌದೆ ಹೊತ್ತು ತಂದ ನಮ್ಮ ಉಮ್ಮಂದಿರಿಗೆ ಬೇರೆ ವ್ಯಾಯಾಮ ಬೇಕಿರಲಿಲ್ಲ. ಈಗ ಪಂಪು, ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್. ಕೆಲಸದ ಸುಸ್ತು ಹಾಗೇ ಉಂಟು, ಅದರೊಳಗಿನ ಶ್ರಮ ಮಾತ್ರ ಹೋಗಿದೆ. ನಿಂತು ನಿಂತು ಕಾಲು ನೋವು ಬರುವುದು ಬೇರೆ, ಹೃದಯ ಜೋರಾಗಿ ಬಡಿದು ಬೆವರುವುದು ಬೇರೆ.

ಹಾಗಾದ್ರೆ ಹಿಡಿಸುವಂಥದ್ದನ್ನು ಹುಡುಕುವುದು ಹೇಗೆ? ನಾನು ಎಲ್ಲರಿಗೂ ಕೇಳುವ ಒಂದೇ ಪ್ರಶ್ನೆ: ಹನ್ನೆರಡು ವರ್ಷದವರಿದ್ದಾಗ ಯಾರೂ ಹೇಳದೆ, ಹೊಟ್ಟೆ ಹಸಿದದ್ದೂ ಗೊತ್ತಾಗದೆ ನೀವು ಏನು ಮಾಡ್ತಿದ್ದಿರಿ? ಕೆಲವರು ಹೊಳೆಯಲ್ಲಿ ಈಜ್ತಿದ್ದೆ ಅಂತಾರೆ. ಕೆಲವರು ಸೈಕಲ್. ಬಾಡಿಗೆ ಸೈಕಲ್, ಗಂಟೆಗೆ ಇಷ್ಟು ಅಂತ. ಕೆಲವರು ಲಗೋರಿ, ಕುಂಟಾಬಿಲ್ಲೆ. ಒಬ್ಬರು ಹಿರಿಯರು ಬಹಳ ಹೊತ್ತು ಯೋಚಿಸಿ, "ನಾನು ಸುಮ್ಮನೆ ಗುಡ್ಡ ಹತ್ತುತ್ತಿದ್ದೆ ಉಸ್ತಾದ್, ಗೇರುಹಣ್ಣಿಗೆ" ಅಂದ್ರು. ಅವರಿಗೆ ರಸ್ತೆ ಬದಿಯ ವಾಕಿಂಗ್ ಯಾಕೆ ಹಿಡಿಸಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಲಾರಿ ಹೊಗೆ, ಬೀದಿ ನಾಯಿ, ಎದುರು ಸಿಕ್ಕವರಿಗೆಲ್ಲ "ಶುಗರ್ ಉಂಟಾ?" ಎಂಬ ಪ್ರಶ್ನೆಗೆ ಉತ್ತರ. ಈಗ ಅವರು ತೋಟದ ಹಿಂದಿನ ಗುಡ್ಡೆಗೆ ಹೋಗ್ತಾರೆ. ಕೈಯಲ್ಲೊಂದು ಕತ್ತಿ, ದಾರಿಯಲ್ಲಿ ಸಿಕ್ಕಿದ ಸೊಪ್ಪು ಆಡಿಗೆ. ಏರು ದಾರಿಯಾದ್ದರಿಂದ ಸಮತಟ್ಟಿನಲ್ಲಿ ನಡೆದದ್ದಕ್ಕಿಂತ ಹೆಚ್ಚೇ ಶ್ರಮ. ಅದಕ್ಕೆ ಅವರು ವ್ಯಾಯಾಮ ಅಂತ ಹೆಸರೂ ಇಟ್ಟಿಲ್ಲ.

ಒಬ್ಬೊಬ್ಬರ ಸ್ವಭಾವ ಒಂದೊಂದು. ಗೆಲುವು ಸೋಲು ಇದ್ದರೆ ಮಾತ್ರ ಮೈ ಬಗ್ಗುವವರಿದ್ದಾರೆ, ಅವರಿಗೆ ಶಟಲ್ ಬ್ಯಾಟ್ ಕೊಡಿ. ದಿನವಿಡೀ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಸಾಕಾದವರಿಗೆ ಒಂಟಿಯಾಗಿ ಸೈಕಲ್ ತುಳಿಯುವುದೇ ಸುಖ. ತಾಳ ಇದ್ದರೆ ಮಾತ್ರ ಕುಣಿಯುವ ಕಾಲುಗಳೂ ಉಂಟು. ಈ ಕೊನೆಯವರಿಗೆ ನಮ್ಮಲ್ಲೇ ಒಂದು ದೊಡ್ಡ ನಿಧಿ ಇದೆ, ಅದನ್ನು ನಾವು ಸ್ಟೇಜಿಗೆ ಮಾತ್ರ ಇಟ್ಟಿದ್ದೇವೆ.

ದಫ್ ಮತ್ತು ಕೋಲ್ಕಲಿಯ ಬಗ್ಗೆ ಹೇಳ್ತಾ ಇದ್ದೇನೆ. ಮರದ ಚೌಕಟ್ಟಿಗೆ ಆಡಿನ ಚರ್ಮ ಬಿಗಿದ ದಫ್ ನೋಡ್ಲಿಕ್ಕೆ ಹಗುರ. ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಅರ್ಧ ಗಂಟೆ ಬಡಿದು ನೋಡಿ, ಹೆಗಲು ಮಾತಾಡ್ತದೆ. ಬರೇ ಬಡಿಯುವುದಲ್ಲ. ಸಾಲಾಗಿ ಮಂಡಿಯೂರಿ ಕೂತು, ಎಡಕ್ಕೆ ಬಲಕ್ಕೆ ಬಾಗಿ, ತಾಳ ತಪ್ಪದೆ ಎದ್ದು ನಿಂತು, ಪುನಃ ಕೂತು, ಜೊತೆಗೆ ಬೈತ್ ಕೂಡ ಹಾಡಬೇಕು. ಮಂಡಿಯಿಂದ ಎದ್ದು ಕೂರುವುದನ್ನು ಜಿಮ್ಮಿನಲ್ಲಿ ದುಡ್ಡು ತೆಗೆದುಕೊಂಡು ಮಾಡಿಸ್ತಾರೆ. ಕೋಲ್ಕಲಿ ಇನ್ನೂ ಜೋರು. ವೃತ್ತದಲ್ಲಿ ಸುತ್ತುತ್ತಾ, ಎದುರಿನವನ ಕೋಲಿಗೆ ಕೋಲು ಹೊಡೆದು, ಹಿಂದೆ ಸರಿದು, ಬಗ್ಗಿ, ಹಾರಿ, ಕೊನೆಗೆ ವೇಗ ಏರುವಾಗ ಮೈಯೆಲ್ಲ ನೀರು. ಒಂದು ಹೆಜ್ಜೆ ತಪ್ಪಿದರೆ ಪಕ್ಕದವನ ಕೋಲು ಬೆರಳಿಗೆ. ಹಾಗಾಗಿ ಮನಸ್ಸು ಬೇರೆ ಕಡೆ ಹೋಗ್ಲಿಕ್ಕೇ ಇಲ್ಲ, ಗಡಿಯಾರ ನೋಡುವ ಮಾತೇ ಇಲ್ಲ.

ರಬೀಉಲ್ ಅವ್ವಲ್‌ಗೆ ಮುಂಚಿನ ಒಂದೂವರೆ ತಿಂಗಳು ನಾನು ಮದ್ರಸದ ಹುಡುಗರಿಗೆ ದಫ್ ಹೇಳಿಕೊಡ್ತೇನೆ. ವಾರದಲ್ಲಿ ನಾಲ್ಕು ದಿನ, ಮಗ್ರಿಬ್ ಆದ ಮೇಲೆ. ಬೆಳಗ್ಗೆ ಮದ್ರಸ ಇರುವ ನಮ್ಮಂಥವರಿಗೆ ಸುಬಹಿ ನಂತರದ ವಾಕಿಂಗ್ ಆಗುವ ಹೋಗುವ ಮಾತಲ್ಲ. ಎಲ್ಲರೂ ನಡೆಯುವ ಹೊತ್ತಿಗೇ ನಮಗೆ ಹಾಜರಿ ಪುಸ್ತಕ. ಈ ಒಂದೂವರೆ ತಿಂಗಳಲ್ಲಿ ನನ್ನ ಪ್ಯಾಂಟು ಸಡಿಲ ಆಗ್ತದೆ, ರಾತ್ರಿ ನಿದ್ದೆ ಚೆನ್ನಾಗಿ ಬರ್ತದೆ. ಎರಡು ವರ್ಷದಿಂದ ನಾವು ಕೆಲವರು ದೊಡ್ಡವರು ಮೀಲಾದ್ ಮುಗಿದ ಮೇಲೂ ಬಿಡಲಿಲ್ಲ. ಒಬ್ಬ ಮೀನು ವ್ಯಾಪಾರಿ, ಒಬ್ಬ ಆಟೋ ಓಡಿಸುವವ, ಇಬ್ಬರು ಗಲ್ಫ್ ಬಿಟ್ಟು ಬಂದವರು. ಸ್ಪರ್ಧೆ ಇಲ್ಲ, ಸ್ಟೇಜ್ ಇಲ್ಲ, ಒಂದೇ ಬಣ್ಣದ ಜುಬ್ಬ ಕೂಡ ಇಲ್ಲ. ನೆರೆಕರೆಗೆ ಕಿರಿಕಿರಿ ಆಗದ ಹಾಗೆ ಇಶಾಕ್ಕೆ ಮುಂಚೆ ಮುಗಿಸ್ತೇವೆ. ಯಾರಾದರೂ ಒಬ್ಬ ಬರದಿದ್ದರೆ ಸಾಲು ತಪ್ಪುತ್ತದೆ, ಅವನಿಗೆ ಫೋನ್ ಹೋಗ್ತದೆ. ಆ ಫೋನ್ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಯಾವತ್ತೋ ನಿಲ್ಲಿಸ್ತಿದ್ರು.

ಜೊತೆಯವರಿಂದ ಏನೆಲ್ಲ ಆಗ್ತದೆ ಎಂದು ನೋಡ್ಲಿಕ್ಕೆ ನೆರೆಯ ಕೇರಳಕ್ಕೆ ಹೋಗಬೇಕು. ಮಲಪ್ಪುರಂ ಜಿಲ್ಲೆಯ ಕೊಂಡೋಟ್ಟಿಯಲ್ಲಿ ಸಲಾಹುದ್ದೀನ್ ಎಂಬ ನಿವೃತ್ತ ಯೋಧರು 2012ರಲ್ಲಿ ಒಂದು ಮೈದಾನದಲ್ಲಿ ಬೆಳಗ್ಗಿನ ವ್ಯಾಯಾಮ ಶುರು ಮಾಡಿದರು. 21 ಬಗೆಯ ಸುಲಭ ಚಲನೆಗಳು, ಸುಮಾರು 21 ನಿಮಿಷ. ಮೆಕ್ 7 ಎಂಬ ಹೆಸರಿನಲ್ಲಿ ಅದು ಮಲಬಾರಿನ ಊರೂರಿಗೆ ಹರಡಿತು. ಅದರ ಸುತ್ತ 2024ರ ಕೊನೆಗೆ ದೊಡ್ಡ ರಾಜಕೀಯ ಚರ್ಚೆಯೂ ನಡೆಯಿತು, ಅದು ಇಲ್ಲಿ ಬೇಡ. ನನಗೆ ಅದರಲ್ಲಿ ಕಂಡದ್ದು ಏನೆಂದರೆ, ದುಡ್ಡಿಲ್ಲ, ಮೆಷಿನ್ ಇಲ್ಲ, ಎಪ್ಪತ್ತರ ಅಜ್ಜನೂ ಇಪ್ಪತ್ತರ ಮೊಮ್ಮಗನೂ ಒಂದೇ ಸಾಲಿನಲ್ಲಿ ನಿಲ್ಲಬಹುದು. ಜನ ಅದಕ್ಕಾಗಿಯೇ ಬರ್ತಾರೆ. ಕೈಕಾಲು ಆಡಿಸುವುದು ಅದರ ಜೊತೆಗೆ ಆಗಿ ಹೋಗ್ತದೆ.

ಗಲ್ಫಿನಲ್ಲಿರುವ ನಮ್ಮ ಹುಡುಗರಿಗೆ ಎರಡು ಮಾತು. ಹನ್ನೆರಡು ಗಂಟೆ ಕೆಲಸ, ರೂಮಿನಲ್ಲಿ ಆರು ಜನ, ಊಟ ರಾತ್ರಿ ಹನ್ನೊಂದಕ್ಕೆ. ನಿಮಗೆ ಜಿಮ್ಮಿಗೆ ಹೋಗಿ ಅನ್ನುವುದು ಅನ್ಯಾಯ. ಆದರೆ ರಜೆಯ ದಿನದ ವಾಲಿಬಾಲ್, ಕ್ರಿಕೆಟ್ ಬಿಡಬೇಡಿ. ದುಬೈಯಲ್ಲಿ 2017ರಿಂದ ವರ್ಷಕ್ಕೊಮ್ಮೆ 30 ದಿನ, ದಿನಕ್ಕೆ 30 ನಿಮಿಷ ಎಂದು ಸರಕಾರವೇ ಫಿಟ್‌ನೆಸ್ ಚಾಲೆಂಜ್ ನಡೆಸ್ತದೆ. ಅದರಲ್ಲಿ ಬಿಟ್ಟಿಯಾಗಿ ಸಿಗುವ ತರಗತಿಗಳು ಬೇಕಾದಷ್ಟು. ಹೋಗಿ ನೋಡಿ, ಯಾವುದಾದರೂ ಒಂದು ಹಿಡಿಸೀತು. ರಾತ್ರಿ ಊಟ ಆದ ಕೂಡಲೇ ಮಲಗುವ ಬದಲು ಹತ್ತು ಹದಿನೈದು ನಿಮಿಷ ಹೊರಗೆ ನಡೆದರೆ ಊಟದ ನಂತರ ಸಕ್ಕರೆ ಏರುವುದು ಎಷ್ಟೋ ಹಿಡಿತಕ್ಕೆ ಬರ್ತದೆ. ಊರಿಗೆ ಫೋನ್ ಮಾಡುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಮಗಳ ಜೊತೆ ಮಾತಾಡ್ತಾ ನಡೆದರೆ ಅರ್ಧ ಗಂಟೆ ಹೋದದ್ದೂ ಗೊತ್ತಾಗುವುದಿಲ್ಲ.

ಇನ್ನು ಈ ಬರಹದ ದೊಡ್ಡ ಮಾತು ಹೆಂಗಸರದ್ದು. ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ 2024ರಲ್ಲಿ ಬಂದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದ ಗಂಡಸರು ನೂರಕ್ಕೆ 42, ಹೆಂಗಸರು ನೂರಕ್ಕೆ 57. ನಮ್ಮ ಮನೆಗಳನ್ನು ಮಾತ್ರ ಲೆಕ್ಕ ಹಾಕಿದರೆ ಏನು ಬಂದೀತು ಎಂದು ನೀವೇ ಊಹಿಸಿ. ಹನ್ನೆರಡು ವರ್ಷದವರಿದ್ದಾಗ ಏನು ಮಾಡ್ತಿದ್ದಿರಿ ಎಂಬ ನನ್ನ ಪ್ರಶ್ನೆಯನ್ನು ನಮ್ಮ ಹೆಂಗಸರಿಗೆ ಕೇಳಿದರೆ ಕಣ್ಣು ಅರಳ್ತದೆ, ಕೂಡಲೇ ಮುಚ್ಚಿಕೊಳ್ತದೆ. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದವರು, ರಿಲೇ ಓಡಿದವರು, ಸರ್ಟಿಫಿಕೇಟ್ ಇವತ್ತಿಗೂ ಟ್ರಂಕಿನಲ್ಲಿ ಇಟ್ಟವರು ನಮ್ಮಲ್ಲಿ ಎಷ್ಟು ಜನ! ಹತ್ತನೇ ಕ್ಲಾಸ್ ಮುಗಿಯಿತು, ಆಟವೂ ಮುಗಿಯಿತು. ಮದುವೆ, ಬಾಣಂತನ, ಮಕ್ಕಳು, ಮತ್ತೆ ನಲವತ್ತಕ್ಕೆ ಥೈರಾಯ್ಡ್, ಮೊಣಕಾಲು, ಬಿಪಿ ಮಾತ್ರೆ.

"ದೀನಿನಲ್ಲಿ ಹೆಂಗಸರ ಆಟಕ್ಕೆ ಜಾಗ ಉಂಟಾ?" ಎಂದು ಒಬ್ಬರು ಸ್ವಲ್ಪ ಗಡುಸಾಗಿಯೇ ಕೇಳಿದ್ದರು. ಆಯಿಶಾ ಬೀವಿ ಪ್ರವಾದಿವರ್ಯರ ಜೊತೆ ಓಟದ ಪಂದ್ಯ ಓಡಿದ್ದು, ಮೊದಲ ಸಲ ಬೀವಿ ಗೆದ್ದದ್ದು, ಕಾಲ ಕಳೆದ ಮೇಲೆ ಇನ್ನೊಂದು ಸಲ ಓಡಿದಾಗ ಸೋತದ್ದು ಅಬೂದಾವೂದ್‌ನ ಹದೀಸ್ ಸಂಗ್ರಹದಲ್ಲಿ ಉಂಟು. ಅಂದು ಓಡಿದ್ದು ಮರೆಯಲ್ಲಿ, ಜೊತೆಯವರನ್ನು ಮುಂದೆ ಕಳಿಸಿ. ಮರೆ ಬೇಕು, ಸರಿ. ಮರೆ ಮಾಡಿಕೊಡಬೇಕಾದವರು ಯಾರು? ಗಂಡಸರಿಗೆ ಮೈದಾನ ಉಂಟು, ಬೀಚ್ ಉಂಟು, ಪಳ್ಳಿಯ ಅಂಗಳ ಉಂಟು. ಮನೆಯ ಹೆಂಗಸರಿಗೆ ಒಂದು ಕಾಂಪೌಂಡ್ ಗೋಡೆಯ ಒಳಗೆ ನಲವತ್ತು ನಿಮಿಷ ಬಿಡುವು ಮಾಡಿಕೊಡಲು ಆಗದಿದ್ದರೆ, "ನಮ್ಮವಳು ಏನೂ ವ್ಯಾಯಾಮ ಮಾಡುವುದಿಲ್ಲ, ತಿಂಗಳಿಗೆ ಮಾತ್ರೆಗೇ ಎರಡು ಸಾವಿರ" ಎಂದು ದೂರುವ ಹಕ್ಕು ನಮಗೆ ಇಲ್ಲ.

ನನ್ನ ಮನೆಯವಳು ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯ ಥ್ರೋಬಾಲ್ ಟೀಮಿನಲ್ಲಿ ಇದ್ದವಳು. ಮದುವೆಯಾಗಿ ಹದಿನೇಳು ವರ್ಷದ ಮೇಲೆ ಹೇಳಿದ್ದು ಅದನ್ನು, ನಾನು ಕೇಳಿದ್ದಕ್ಕೆ. ಪಕ್ಕದ ಮನೆಯಲ್ಲಿ ಎತ್ತರದ ಗೋಡೆಯ ಅಂಗಳ ಉಂಟು, ಗಂಡಸರು ಎಲ್ಲ ದಮಾಮಿನಲ್ಲಿ. ಎರಡು ತೆಂಗಿನ ಮರದ ನಡುವೆ ಹಳೆಯ ಮೀನಿನ ಬಲೆ ಕಟ್ಟಿದರು. ಚೆಂಡು ಮಾತ್ರ ಹೊಸತು. ಮೊದಲ ದಿನ ಮೂವರು, ಈಗ ಏಳೆಂಟು ಜನ, ಅದರಲ್ಲಿ ಅರವತ್ತೆರಡರ ಒಬ್ಬ ಅತ್ತೆಯೂ ಇದ್ದಾರೆ. ಅವರು ಆಡುವುದಕ್ಕಿಂತ ಹೆಚ್ಚು ತೀರ್ಪು ಕೊಡ್ತಾರೆ, ಆದರೂ ನಿಂತೇ ಇರ್ತಾರೆ, ಚೆಂಡು ಹೆಕ್ಕಿ ಕೊಡ್ತಾರೆ. ಅಸರ್ ಆದ ಮೇಲೆ ಶುರು, ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ಮುಕ್ತಾಯ. ಆ ಹೊತ್ತಿಗೆ ಚಾ ಯಾರು ಮಾಡುವುದು ಎಂಬ ದೊಡ್ಡ ಪ್ರಶ್ನೆ ಮೂರು ಮನೆಗಳಲ್ಲಿ ಎದ್ದಿತು. ನಮ್ಮ ಮನೆಯಲ್ಲಿ ನಾನು ಮಾಡ್ತೇನೆ. ಸಕ್ಕರೆ ಜಾಸ್ತಿ ಎಂಬ ದೂರು ಉಂಟು. ಉಳಿದೆರಡು ಮನೆಗಳಲ್ಲಿ ಫ್ಲಾಸ್ಕಿನಲ್ಲಿ ಮೊದಲೇ ಮಾಡಿ ಇಡ್ತಾರಂತೆ. ಅಷ್ಟಕ್ಕೇ ಪರಿಹಾರ ಆಗುವ ಸಮಸ್ಯೆ ಅದು.

ಅಂಗಳ ಇಲ್ಲದ ಫ್ಲಾಟಿನವರಿಗೆ ಟೆರೇಸ್ ಉಂಟು, ಮೆಟ್ಟಿಲು ಉಂಟು. ಮಗಳ ಜೊತೆ ಹಗ್ಗ ಹಾರಬಹುದು. ಈಜು ಇಷ್ಟ ಇರುವವರು ಮಂಗಳೂರಿನ ಎಮ್ಮೆಕೆರೆ, ಲೇಡಿಹಿಲ್ ಕಡೆಯ ಈಜುಕೊಳಗಳಲ್ಲಿ ಹೆಂಗಸರಿಗೇ ಬೇರೆ ಹೊತ್ತು ಉಂಟಾ ಎಂದು ಕೇಳಿ. ಹತ್ತಿಪ್ಪತ್ತು ಜನ ಒಟ್ಟಾಗಿ ಕೇಳಿದರೆ ಆಗುವ ಕೆಲಸ ಒಬ್ಬರು ಕೇಳಿದರೆ ಆಗುವುದಿಲ್ಲ. ಮೊಣಕಾಲು ನೋವಿನವರಿಗೆ ನೀರು ಒಳ್ಳೆಯದು. ಮೈಯ ಭಾರವನ್ನು ನೀರೇ ಹೊರುತ್ತದೆ, ಈಜು ಬಾರದವರು ಎದೆ ಮಟ್ಟದ ನೀರಿನಲ್ಲಿ ನಡೆದರೂ ಆಯಿತು.

ಕೆಲವು ಎಚ್ಚರಿಕೆಗಳು. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆ ತಿನ್ನುವವರು ಹೊಸದಾಗಿ ಏನು ಶುರು ಮಾಡುವುದಿದ್ದರೂ ಡಾಕ್ಟರಿಗೆ ಹೇಳಿ ಶುರು ಮಾಡಿ. ಆಡುವಾಗ ಕೈ ನಡುಗಿ ತಣ್ಣನೆ ಬೆವರು ಬಂದರೆ ಸಕ್ಕರೆ ಇಳಿದಿದೆ ಎಂದು ಅರ್ಥ. ಕಿಸೆಯಲ್ಲಿ ಗ್ಲೂಕೋಸೋ ನಾಲ್ಕು ಖರ್ಜೂರವೋ ಇರಲಿ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದಕ್ಕೆ ಗಾಯ ಆದದ್ದೇ ಗೊತ್ತಾಗುವುದಿಲ್ಲ, ಹವಾಯಿ ಚಪ್ಪಲಿಯಲ್ಲಿ ಆಡಬೇಡಿ, ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ. ಎದೆ ಬಿಗಿದು, ನೋವು ದವಡೆಗೋ ಎಡಗೈಗೋ ಹರಿದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮತ್ತೆ ಹುಡುಗರಿಗೆ: ಈಜು ಹಿಡಿಸ್ತದೆ ಎಂದು ಮಳೆಗಾಲದಲ್ಲಿ ಉಳ್ಳಾಲ, ಸೋಮೇಶ್ವರದ ಕಡಲಿಗೆ ಇಳಿಯಬೇಡಿ. ಪ್ರತಿ ವರ್ಷ ಯಾರದೋ ಮನೆಯಲ್ಲಿ ಮಯ್ಯತ್ ನೋಡುವ ಹಾಗಾಗ್ತದೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ಒಂದು ಮಾತು. ಯಾವುದನ್ನೇ ಆದರೂ ಮೂರು ವಾರ ಮಾಡಿ ನೋಡಿ. ಮೊದಲ ವಾರ ಮೈಕೈ ನೋವು ಮಾತ್ರ ಕಾಣ್ತದೆ, ಅದರ ಮೇಲೆ ತೀರ್ಮಾನ ಬೇಡ. ಮೂರನೇ ವಾರದಲ್ಲೂ ಹೊತ್ತು ಹತ್ತಿರ ಬರುವಾಗ ತಪ್ಪಿಸಿಕೊಳ್ಳಲು ನೆಪ ಹುಡುಕ್ತಾ ಇದ್ದರೆ ಅದನ್ನು ಬಿಡಿ, ಬೇರೆಯದನ್ನು ಹಿಡಿಯಿರಿ. ಬಿಟ್ಟದ್ದಕ್ಕೆ ನಾಚಿಕೆ ಬೇಡ. ಸ್ವಲ್ಪವೇ ಆದರೂ ಬಿಡದೆ ಮಾಡುವ ಕೆಲಸ ಅಲ್ಲಾಹನಿಗೆ ಹೆಚ್ಚು ಇಷ್ಟ ಎಂದು ನಾವು ಮಕ್ಕಳಿಗೆ ಕಲಿಸ್ತೇವೆ. ದಿನಕ್ಕೆ ಎರಡು ಗಂಟೆ ಎಂದು ಹಾರಾಡಿ ಶುರು ಮಾಡುವವರನ್ನು ಕಂಡರೆ ನನಗೆ ಆ ಪಾಠದ ನೆನಪಾಗ್ತದೆ. ಅವರು ಮುಂದಿನ ತಿಂಗಳು ಸಿಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಹೊರಗಿನದ್ದೆಲ್ಲ ನಿಲ್ತದೆ, ಅದಕ್ಕೊಂದು ಒಳಗಿನದ್ದು ಮೊದಲೇ ನೋಡಿ ಇಟ್ಟುಕೊಳ್ಳಿ. ರಂಝಾನಿನಲ್ಲಿ ಇಫ್ತಾರ್‌ಗೆ ಮುಂಚೆ ಜೋರಿನದ್ದು ಬೇಡ, ತರಾವೀಹ್ ಆದ ಮೇಲೆ ಹಗುರವಾಗಿ ಮಾಡಬಹುದು. ನಮ್ಮ ದಫ್‌ನವರಿಗೆ ಮಳೆಯ ತೊಂದರೆ ಇಲ್ಲ, ಚರ್ಮ ಥಂಡಿಗೆ ಸಡಿಲ ಆಗ್ತದೆ, ಬಿಸಿ ಮಾಡಿ ಬಿಗಿ ಮಾಡಿದರೆ ಆಯಿತು. ಥ್ರೋಬಾಲಿನವರು ಮಳೆ ಶುರುವಾದ ಕೂಡಲೇ ಬಲೆ ಬಿಚ್ಚಿ ಮಡಚಿ ಇಟ್ಟರು. ಈಗ ಆ ಮನೆಯ ಸಿಟೌಟಿನಲ್ಲಿ ಹಗ್ಗ ಹಾರುವುದು, ಗೋಡೆಗೆ ಚೆಂಡು ಎಸೆದು ಹಿಡಿಯುವುದು. ಅರವತ್ತೆರಡರ ಅತ್ತೆ ಅಲ್ಲೂ ಲೆಕ್ಕ ಹಿಡಿಯಲಿಕ್ಕೆ ಕೂತಿದ್ದರಂತೆ. ನಿಂತುಕೊಂಡೇ ಎಣಿಸಬೇಕು ಎಂದು ಉಳಿದವರು ಹೇಳಿದ್ದಾರೆ.